ಕ್ರಾಕೋವ್‌ನಲ್ಲಿ ಒಂದು ದಿನ ಸುಧಾರಿಸಿಕೊಳ್ಳುವವರೇ, ಭಾನುವಾರ ಬೇಡ

ಯೂರೋಪಿನ ರೈಲು ಸುತ್ತಾಟದ ನಡುವೆ ಪೋಲೆಂಡ್‌ನ ಕ್ರಾಕೋವ್‌ನಲ್ಲಿ ಒಂದು ದಿನ ಕಾಲು ಚಾಚೋಣ ಅಂದುಕೊಂಡಿದ್ದರೆ ಮೊದಲು ಕ್ಯಾಲೆಂಡರ್ ನೋಡಿ. ಸೋಪು, ಸಾಕ್ಸ್, ಮುಂದಿನ ರೈಲಿಗೆ ಬ್ರೆಡ್ಡು ಹಣ್ಣು ಎಲ್ಲ ಆ ದಿನವೇ ಕೊಂಡರಾಯಿತು ಎಂದು ಭಾನುವಾರ ಇಳಿದವರು, ನಿಲ್ದಾಣಕ್ಕೆ ಅಂಟಿಕೊಂಡೇ ಇರುವ ಮಾಲ್‌ನಲ್ಲಿ ಶಟರ್ ಎಳೆದಿರುವುದನ್ನು ಕಂಡು ಪೆಚ್ಚಾಗುತ್ತಾರೆ. ಭಾನುವಾರದ ವ್ಯಾಪಾರಕ್ಕೆ 2018ರಲ್ಲಿ ಕಡಿವಾಣ ಬಿತ್ತು. 2020ರಿಂದ ವರ್ಷಕ್ಕೆ ಏಳೆಂಟು ಭಾನುವಾರ ಬಿಟ್ಟರೆ ಸೂಪರ್‌ಮಾರ್ಕೆಟ್‌ಗಳೆಲ್ಲ ಬಂದ್. ಆಗಸ್ಟ್ 15, ನವೆಂಬರ್ 1, ನವೆಂಬರ್ 11ರಂಥ ಸರ್ಕಾರಿ ರಜೆಗಳಂದೂ ಇದೇ ಕಥೆ. ತೆರೆದಿರುವುದು ಹೋಟೆಲು, ಪೆಟ್ರೋಲ್ ಬಂಕು, ನಿಲ್ದಾಣದೊಳಗಿನ ಅಂಗಡಿ, ಮಾಲೀಕರೇ ಗಲ್ಲಾದಲ್ಲಿ ಕೂರುವ ಪುಟ್ಟ ಅಂಗಡಿ ಅಷ್ಟೆ. ಸೋಮವಾರಕ್ಕೆ ತಳ್ಳಿದರೆ ಹಲವು ಮ್ಯೂಸಿಯಂಗಳಿಗೆ ರಜೆ. ಹಾಗಾಗಿ ಮಂಗಳವಾರದಿಂದ ಶುಕ್ರವಾರದೊಳಗಿನ ದಿನವೇ ವಾಸಿ.

ಹೆಚ್ಚು ಜನ ದುಡ್ಡು ಕಳೆದುಕೊಳ್ಳುವುದು ಟ್ರಾಮ್‌ನಲ್ಲಿ. ಟಿಕೆಟ್ ಕೊಂಡರೆ ಸಾಲದು. ಹತ್ತಿದ ತಕ್ಷಣ ಬಾಗಿಲ ಬಳಿಯ ಕಸೋವ್ನಿಕ್ ಎಂಬ ಪುಟ್ಟ ಯಂತ್ರಕ್ಕೆ ತೂರಿಸಿ ಸಮಯದ ಮುದ್ರೆ ಹಾಕಿಸಬೇಕು. ಟಿಕೆಟ್ಟಿನ ನಿಮಿಷಗಳ ಲೆಕ್ಕ ಶುರುವಾಗುವುದೇ ಆ ಮುದ್ರೆಯಿಂದ. ಸೀಟು ಹಿಡಿದು, ಬ್ಯಾಗು ಇಟ್ಟು, ಆಮೇಲೆ ಹಾಕಿದರಾಯಿತು ಅನ್ನುವಷ್ಟರಲ್ಲಿ ಮಾಮೂಲಿ ಬಟ್ಟೆಯ ತಪಾಸಕರು ಎದುರಿಗೆ ನಿಂತಿರುತ್ತಾರೆ. ಮುದ್ರೆಯಿಲ್ಲದ ಟಿಕೆಟ್ ಅವರ ಲೆಕ್ಕಕ್ಕೆ ಟಿಕೆಟ್ಟೇ ಅಲ್ಲ. ಪ್ರವಾಸಿ, ಗೊತ್ತಿರಲಿಲ್ಲ ಎಂದರೂ ದಂಡ ತಪ್ಪುವುದಿಲ್ಲ. ಅಷ್ಟಕ್ಕೂ ಹಳೇ ಊರು ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಕೋಣೆ ಅಲ್ಲೇ ಹಿಡಿದರೆ ಟ್ರಾಮ್‌ನ ಹಂಗೇ ಇಲ್ಲ.

ನಗದು ಬೇಕಾದರೆ ಬ್ಯಾಂಕಿನ ಗೋಡೆಯಲ್ಲಿರುವ ಎಟಿಎಂಗೇ ಹೋಗಿ. 'ರೂಪಾಯಿ ಲೆಕ್ಕದಲ್ಲಿ ಕಡಿತ ಮಾಡಲೇ?' ಎಂದು ಪರದೆ ಕೇಳಿದಾಗ ಒಪ್ಪಬೇಡಿ, ಪೋಲೆಂಡಿನ ಹಣವಾದ ಜ್ಲೋಟಿಯನ್ನೇ ಒತ್ತಿ. ರೂಪಾಯಿ ಒತ್ತಿದರೆ ಯಂತ್ರದವರು ತಮಗೆ ಬೇಕಾದ ದರ ಹಾಕಿಕೊಳ್ಳುತ್ತಾರೆ. ಅಂಗಡಿಯ ಕಾರ್ಡ್ ಯಂತ್ರಕ್ಕೂ ಇದೇ ಮಾತು.

ಸಸ್ಯಾಹಾರಿಗಳಿಗೆ ಒಂದು ಮಾತು. ಪಿಯೆರೋಗಿ ನಮ್ಮ ಕಡುಬಿನ ದೂರದ ನೆಂಟ. 'ರುಸ್ಕಿಯೆ' ಎಂಬ ಬಗೆಯ ಹೂರಣ ಆಲೂಗಡ್ಡೆ, ಮೃದು ಚೀಸ್, ಈರುಳ್ಳಿ. ಇಷ್ಟು ಓದಿ ನಿರಾಳವಾಗಿ ಹೇಳಿದರೆ, ಮೇಲೆ ಹಂದಿ ಕೊಬ್ಬಿನ ಹುರಿದ ಚೂರು ಉದುರಿಸಿ ತರುವುದುಂಟು. ಅದರ ಹೆಸರು ಸ್ಕ್ವಾರ್ಕಿ. ಮೆನುವಿನಲ್ಲಿ ಬರೆದಿರಲೇಬೇಕೆಂದಿಲ್ಲ, ಬದಿಗೆ ಸರಿಸಿದರೆ ಹೋಗುವಂಥದ್ದೂ ಅಲ್ಲ, ಕೊಬ್ಬು ಇಳಿದುಬಿಟ್ಟಿರುತ್ತದೆ. ಹೇಳುವಾಗಲೇ 'ಬೆಝ್ ಸ್ಕ್ವಾರೆಕ್' (ಸ್ಕ್ವಾರ್ಕಿ ಬೇಡ) ಅನ್ನಿ, ಬೆಣ್ಣೆ ಹಾಕಿಸಿಕೊಳ್ಳಿ. ಝುರೆಕ್ ಎಂಬ ಹುಳಿ ಸಾರಿನಲ್ಲಿ ಸಾಸೇಜ್ ಇರುತ್ತದೆ. ಮೀನು ತಿನ್ನುವವರು ಮೆನುವಿನ ಬೆಲೆ ಇಡೀ ಮೀನಿಗೋ 100 ಗ್ರಾಂಗೋ ನೋಡಿಕೊಳ್ಳಿ; 100 ಗ್ರಾಂ ದರ ಬರೆಯುವುದು ಅಲ್ಲಿ ಮಾಮೂಲು, ಬಿಲ್ ಬಂದಾಗ ಎದೆ ಧಸಕ್ಕೆನ್ನುತ್ತದೆ.

ಹೊರಗೆ ಹೋಗಲೇಬೇಕು ಅನಿಸಿದರೆ ವಿಯೆಲಿಚ್ಕಾ ಉಪ್ಪಿನ ಗಣಿಗೆ ಲೋಕಲ್ ರೈಲಿದೆ. ಅದಕ್ಕೆ ಬಿಡಿ ಟಿಕೆಟ್ ಕೊಳ್ಳಿ; ಯೂರೋಪಿನ ಹಲವು ದೇಶಗಳ ರೈಲಿಗೆ ನಡೆಯುವ ಯೂರೇಲ್ ಪಾಸ್‌ನಲ್ಲಿ ಇಂತಿಷ್ಟೇ ಪ್ರಯಾಣದ ದಿನ ಎಂದಿದ್ದರೆ, ಇಷ್ಟು ಪುಟ್ಟ ಓಡಾಟಕ್ಕೆ ಅದನ್ನು ಬಳಸಿದರೆ ಒಂದು ದಿನವೇ ಖರ್ಚು. ಗಣಿಯಲ್ಲಿ ಸುಮಾರು 800 ಮೆಟ್ಟಿಲು. ಮಂಡಿಗೆ ವಿಶ್ರಾಂತಿ ಕೊಡಲು ಇಳಿದವರು ಯೋಚಿಸಿ.

ಹೊರಡುವಾಗಿನ ಎಡವಟ್ಟು ಇನ್ನೊಂದು. ನಮ್ಮಲ್ಲಿ ಹಳಿಯ ಒಂದೊಂದು ಬದಿಗೂ ಒಂದು ಪ್ಲಾಟ್‌ಫಾರಂ ಸಂಖ್ಯೆ. ಅಲ್ಲಿ 'ಪೆರೋನ್' ಅಂದರೆ ಇಡೀ ಕಟ್ಟೆ, 'ತೋರ್' ಅಂದರೆ ಹಳಿ. ಬೋರ್ಡಿನಲ್ಲಿ ಎರಡೂ ಇರುತ್ತವೆ. ತೋರ್ ಸಂಖ್ಯೆ ಹಿಡಿದು ಹೋದವರು ಬೇರೆ ಕಟ್ಟೆಯ ಮೇಲೆ ನಿಂತು ತಮ್ಮ ರೈಲು ಹೋಗುವುದನ್ನು ನೋಡುತ್ತಾರೆ. ಮೊದಲು ಪೆರೋನ್ ಹುಡುಕಿ, ಮೇಲೆ ಹೋದಮೇಲೆ ತೋರ್. ಗೋಡೆಯ ವೇಳಾಪಟ್ಟಿಯಲ್ಲಿ ಹಳದಿ ಹಾಳೆ ಹೊರಡುವ ರೈಲುಗಳದ್ದು, ಬಿಳಿಯದು ಬರುವವುಗಳದ್ದು. ಶೌಚಾಲಯದ ಬಾಗಿಲಲ್ಲಿ ಬರೀ ಆಕೃತಿ ಇದ್ದರೆ ತ್ರಿಕೋನ ಗಂಡಸರಿಗೆ, ವೃತ್ತ ಹೆಂಗಸರಿಗೆ. ಜೇಬಿನಲ್ಲಿ ಒಂದಿಷ್ಟು ಜ್ಲೋಟಿ ಚಿಲ್ಲರೆ ಇರಲಿ.