ಲ್ಯಾಂಡ್‌ಲೈನ್ ತೆಗೆಸಿ ನಾಲ್ಕು ವರ್ಷ: ಲೈನ್‌ಮ್ಯಾನ್ ಈಗ ನಾನೇ

ನಮ್ಮ ಮನೆಯ ರೌಟರ್ ಪಕ್ಕದಲ್ಲಿ ಅಂಗೈಯಗಲದ ಒಂದು ಕಪ್ಪು ಡಬ್ಬಿ ಬಂದು ಕೂತು ನಾಲ್ಕು ವರ್ಷವಾಯಿತು. ಅದರ ಒಂದು ಕಡೆ ಇಂಟರ್ನೆಟ್ ಕೇಬಲ್, ಇನ್ನೊಂದು ಕಡೆ ಅಮ್ಮನ ಹಳೇ ಟೆಲಿಫೋನ್. ಹಳೇ ಫೋನಿನ ಮಾತನ್ನು ಇಂಟರ್ನೆಟ್ ಮೂಲಕ ಸಾಗಿಸುವ ಅಡಾಪ್ಟರ್ ಅದು. ಅಮ್ಮನ ಮಟ್ಟಿಗೆ ಏನೂ ಬದಲಾಗಿಲ್ಲ. ರಿಸೀವರ್ ಎತ್ತಿದರೆ ಡಯಲ್ ಟೋನ್ ಬರುತ್ತದೆ, ನಂಬರ್ ಅದೇ, ರಿಂಗೂ ಅದೇ. ಬದಲಾದದ್ದು ನನ್ನ ಪಾಡು. ಮೊದಲು ಲೈನ್ ಕೆಟ್ಟರೆ ದೂರು ಬರೆಸಿ ಸುಮ್ಮನೆ ಕೂರುತ್ತಿದ್ದೆ. ಈಗ ಲೈನ್ ಕೆಟ್ಟರೆ ಮನೆಯವರೆಲ್ಲ ನನ್ನ ಮುಖ ನೋಡುತ್ತಾರೆ.

ಈ ನಾಲ್ಕು ವರ್ಷದಲ್ಲಿ ಎರಡು ಕಂಪನಿ, ಮೂರು ಅಡಾಪ್ಟರ್ ಆದವು. ಒಂದು ಅಡಾಪ್ಟರನ್ನು ಕೊಂದವನು ನಾನೇ, ಆ ಕತೆ ಆಮೇಲೆ. ಕಂಪನಿಗಳ ಹೆಸರು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಕೊಳ್ಳುವ ಮುಂಚೆ ವಾರಗಟ್ಟಲೆ ಕೂತು ಪ್ಲಾನ್‌ಗಳನ್ನು ಹೋಲಿಸಿದ್ದೆ. ನಾನು ಪಟ್ಟ ಕಷ್ಟದಲ್ಲಿ ಮುಕ್ಕಾಲು ಪಾಲು ನನ್ನ ಮನೆಯೊಳಗೇ ಇತ್ತು. ಯಾವ ಪ್ಲಾನಿನಲ್ಲೂ ಅದರ ಸುದ್ದಿ ಇರಲಿಲ್ಲ.

ಮೊಬೈಲ್ ಇರುವಾಗ ಮನೆಗೆ ಫೋನ್ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ಒಳಕೋಣೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಅಮ್ಮನಿಗೆ ಮುಟ್ಟಿದರೆ ಜಾರುವ ಗಾಜಿನ ಫೋನ್ ಕಂಡರೆ ಆಗುವುದಿಲ್ಲ, ನೆಂಟರಿಗೆಲ್ಲ ಬಾಯಿಪಾಠ ಆಗಿರುವುದು ಆ ಒಂದೇ ನಂಬರ್.

ಹುಡುಕಲು ಹೊರಟರೆ ಮೂರು ದಾರಿ ಕಾಣುತ್ತವೆ. ಇಂಟರ್ನೆಟ್ ಕೊಡುವ ಕಂಪನಿಯೇ ರೌಟರಿನ ಬೆನ್ನಿಗೆ ಫೋನ್ ಸಿಕ್ಕಿಸುವ ಜಾಗ ಕೊಟ್ಟಿರುತ್ತದೆ, ಅದನ್ನೇ ಬಳಸುವುದು ಒಂದು. ಬೇರೆ ಫೋನ್ ಕಂಪನಿಯಿಂದ ಅಡಾಪ್ಟರ್ ಸಮೇತ ಸೇವೆ ಕೊಳ್ಳುವುದು ಎರಡು. ಸಿಪ್ ಖಾತೆಯನ್ನಷ್ಟೇ, ಅಂದರೆ ಇಂಟರ್ನೆಟ್ ಮೂಲಕ ಕಾಲ್ ಮಾಡುವ ಖಾತೆಯನ್ನಷ್ಟೇ, ಕೊಂಡು ನಮ್ಮದೇ ಅಡಾಪ್ಟರ್ ಹಾಕಿಕೊಳ್ಳುವುದು ಮೂರು. ಮೊದಲನೆಯದರಲ್ಲಿ ತಲೆನೋವು ಕಡಿಮೆ, ಆದರೆ ಇಂಟರ್ನೆಟ್ ಕಂಪನಿ ಬದಲಿಸಿದ ದಿನ ಫೋನೂ ಅದರ ಹಿಂದೆ ಹೋಗುತ್ತದೆ. ನಾನು ಎರಡನೆಯದರಿಂದ ಶುರು ಮಾಡಿ ಮೂರನೆಯದಕ್ಕೆ ಬಂದು ನಿಂತೆ. ಮೊದಲ ಕಂಪನಿಯ ಅಡಾಪ್ಟರಿಗೆ ಅವರದೇ ಬೀಗ. ಅವರನ್ನು ಬಿಟ್ಟ ಮರುದಿನ ಅದು ಕಾಗದ ಹಾರದಂತೆ ಇಡುವ ಕಲ್ಲಾಯಿತು. ಬೇರೆ ಕಂಪನಿಯ ವಿವರ ತುಂಬಿಸೋಣ ಅಂದರೆ ಸೆಟ್ಟಿಂಗ್ಸ್ ಪುಟವೇ ತೆರೆಯಲಿಲ್ಲ. ಕೊಳ್ಳುವ ಮುಂಚೆ ಒಂದೇ ಪ್ರಶ್ನೆ ಕೇಳುವುದಾದರೆ ಇದನ್ನು ಕೇಳಿ: ಡಬ್ಬಿ ಲಾಕ್ ಆಗಿದೆಯೋ ಇಲ್ಲವೋ?

ನಂಬರ್ ಸಾಗಿಸುವಾಗ ಆತುರ ಮಾಡಬೇಡಿ. ಹೊಸ ಕಂಪನಿ ನಂಬರನ್ನು ಎಳೆದುಕೊಳ್ಳುವವರೆಗೆ ಹಳೇ ಲೈನನ್ನು ನೀವಾಗಿ ರದ್ದು ಮಾಡಬಾರದು. ಮಾಡಿದರೆ ನಂಬರ್ ಕೈತಪ್ಪಿದ ಹಾಗೇ. ಅರ್ಜಿಯಲ್ಲಿ ಬರೆಯುವ ಹೆಸರು, ವಿಳಾಸ ಹಳೇ ಬಿಲ್ಲಿನಲ್ಲಿ ಇರುವಂತೆಯೇ ಇರಬೇಕು. ನಮ್ಮ ಅರ್ಜಿ ಎರಡು ಸಲ ವಾಪಸ್ ಬಂತು. ಬಿಲ್ಲಿನಲ್ಲಿ ಅಪ್ಪನ ಹೆಸರಿನ ಕಾಗುಣಿತವೇ ತಪ್ಪಿತ್ತು, ನಾನು ಜಾಣನಂತೆ ಸರಿಯಾಗಿ ಬರೆದಿದ್ದೆ. ಮೂರನೇ ಸಲ ತಪ್ಪನ್ನೇ ನಕಲು ಮಾಡಿದೆ, ಒಪ್ಪಿಕೊಂಡರು. ಇನ್ನೊಂದು ಮಾತು. ನಿಮ್ಮ ಬ್ರಾಡ್‌ಬ್ಯಾಂಡ್ ಅದೇ ತಾಮ್ರದ ಜೋಡಿ ತಂತಿಯ ಮೇಲೆ ಬರುವ ಡಿಎಸ್‌ಎಲ್ ಆಗಿದ್ದರೆ, ನಂಬರ್ ಹೋದಾಗ ಲೈನ್ ಮುಚ್ಚಿ ಇಂಟರ್ನೆಟ್ಟೂ ಹೋಗಬಹುದು. ಕೂತ ಕೊಂಬೆಯನ್ನೇ ಕಡಿದ ಹಾಗೆ. ಮೊದಲು ಫೈಬರ್ ಹಾಕಿಸಿ, ಆಮೇಲೆ ನಂಬರ್ ಎತ್ತಿ.

ಈಗ ಕೊಲೆಯ ಕತೆ. ಅಡಾಪ್ಟರಿಗೆ ಒಂದೇ ಫೋನ್ ಸಿಕ್ಕಿಸಿದರೆ ಮಿಕ್ಕ ಕೋಣೆಗಳಲ್ಲಿ ರಿಂಗ್ ಆಗುವುದಿಲ್ಲ. ಅಡಾಪ್ಟರಿನಿಂದ ಒಂದು ತಂತಿ ಎಳೆದು ಗೋಡೆಯ ಹಳೇ ಸಾಕೆಟ್ಟಿಗೆ ಕೊಟ್ಟರೆ ಮನೆಯ ವೈರಿಂಗ್ ಪೂರ್ತಿ ಜೀವಂತವಾಗುತ್ತದೆ ಅಂತ ಎಲ್ಲೋ ಓದಿದ್ದೆ. ನಿಜವೇ. ಆದರೆ ಹೊರಗಿನಿಂದ ಬರುವ ಲೈನನ್ನು ಮೊದಲು ಕಳಚಬೇಕು ಅನ್ನುವ ಸಾಲನ್ನು ಕಣ್ಣು ಹಾರಿಸಿತ್ತು. ಹಳೇ ಎಕ್ಸ್‌ಚೇಂಜಿನಿಂದ ತಂತಿಯಲ್ಲಿ ಸದಾ 48 ವೋಲ್ಟ್ ಹರಿಯುತ್ತಿರುತ್ತದೆ. ರಿಂಗ್ ಬಂದಾಗ ಅದರ ಮೇಲೆ 90 ವೋಲ್ಟ್ ಆಸುಪಾಸಿನ ಎಸಿ ಬೇರೆ. ಸಾಕೆಟ್ಟಿಗೆ ಕೊಟ್ಟೆ, ಸಣ್ಣದೊಂದು ಚಟ್ ಸದ್ದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಹಸಿರು ದೀಪ ಆರಿತು. ಮನೆಯ ಹೊರಗೋಡೆಯ ಡಬ್ಬಿಯಲ್ಲಿ ಎರಡು ತಂತಿ ಬಿಚ್ಚಿ ಟೇಪ್ ಸುತ್ತಿದ್ದರೆ ಮುಗಿಯುತ್ತಿದ್ದ ಕೆಲಸ.

ಅದಕ್ಕಿಂತ ಹೆಚ್ಚು ದಿನ ತಿಂದದ್ದು 32 ಸೆಕೆಂಡ್. ಸೇವೆ ಶುರುವಾದ ಮೊದಲ ತಿಂಗಳು, ಹೊರಗಿನಿಂದ ಬಂದ ಕಾಲ್ ಅರ್ಧ ನಿಮಿಷಕ್ಕೆ ಕಟ್. ನಾವು ಮಾಡಿದ ಕಾಲ್ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಿತ್ತು. "ಕ್ಷೇಮವೇ ಅಂತ ಕೇಳಿ ಮುಗಿಸುವುದರೊಳಗೆ ಟುಯ್ಞ್ ಅನ್ನುತ್ತದೆ" ಅಂತ ಅಮ್ಮನ ದೂರು. ಗಡಿಯಾರ ಹಿಡಿದು ಕೂತೆ. 32, 32, ಮತ್ತೆ 32. ಕಾಕತಾಳೀಯವಾದ ತೊಂದರೆ ಇಷ್ಟು ಶಿಸ್ತಿನಿಂದ ಬರುವುದಿಲ್ಲ. ಕಾಲ್‌ಗಳನ್ನು ಕೂಡಿಸುವ ಸಿಪ್ ಎಂಬ ಭಾಷೆಯ ನಿಯಮ 2002ರಲ್ಲಿ ಬಂದ ಆರ್‌ಎಫ್‌ಸಿ 3261 ಎಂಬ ಇಂಟರ್ನೆಟ್ ನಿಯಮಗಳ ದಾಖಲೆಯಲ್ಲಿದೆ. ಫೋನ್ ಎತ್ತಿದ ತಕ್ಷಣ ನಮ್ಮ ಅಡಾಪ್ಟರ್ ಆ ಕಡೆಗೆ "ಎತ್ತಿದೆ" ಅಂತ ಹೇಳುತ್ತದೆ, ಆ ಕಡೆಯಿಂದ "ತಿಳಿಯಿತು" ಅಂತ ಉತ್ತರ ಬರಬೇಕು. ಬರದಿದ್ದರೆ ಮತ್ತೆ ಮತ್ತೆ ಹೇಳುತ್ತದೆ. ಅರ್ಧ ಸೆಕೆಂಡಿನ 64 ಪಟ್ಟು ಹೊತ್ತು ಕಾದು, ಅಂದರೆ 32 ಸೆಕೆಂಡ್ ಕಾದು, ಸಾಕೆಂದು ಕೈಬಿಡುತ್ತದೆ. ಮಾತು ಎರಡೂ ಕಡೆ ಚೆನ್ನಾಗಿಯೇ ಕೇಳುತ್ತಿರುತ್ತದೆ, ಒಳಗೊಳಗೇ ಡಬ್ಬಿ ಮುನಿಸಿಕೊಂಡಿರುತ್ತದೆ.

ಆ "ತಿಳಿಯಿತು" ಎಲ್ಲಿ ಕಳೆದುಹೋಗುತ್ತಿತ್ತು? ನನ್ನ ರೌಟರಿನಲ್ಲೇ. ಅದರಲ್ಲಿ ಸಿಪ್ ಎಎಲ್‌ಜಿ ಅಂತ ಒಂದು ಸೌಲಭ್ಯ. ಫೋನ್ ಮಾತಿಗೆ ನೆರವಾಗಲಿ ಅಂತ ಇಟ್ಟದ್ದು, ಇಂಟರ್ನೆಟ್ಟಿನಲ್ಲಿ ಸಾಗುವ ಮಾಹಿತಿಯ ಪೊಟ್ಟಣಗಳೊಳಗಿನ ವಿಳಾಸಗಳನ್ನು ತಿದ್ದಲು ಹೋಗಿ ಕೆಡಿಸುವುದೇ ಹೆಚ್ಚು. ನೆರವಿಗೆ ಬಂದ ನೆಂಟ ಪಾತ್ರೆ ಒಡೆದ ಹಾಗೆ. ಆ ಟಿಕ್ ಗುರುತು ತೆಗೆದು ರೌಟರ್ ಆರಿಸಿ ಹಚ್ಚಿದೆ. ಅಂದು ಸಂಜೆ ಅಮ್ಮ ಐವತ್ತು ನಿಮಿಷ ಮಾತಾಡಿದರು. ಕಂಪನಿಯ ಸಹಾಯವಾಣಿಯವರು ಮೂರು ವಾರ "ನಮ್ಮ ಕಡೆ ಎಲ್ಲ ಸರಿಯಿದೆ" ಅಂದಿದ್ದರು. ಸರಿಯಾಗಿಯೇ ಇತ್ತು, ನನಗೆ ಅದರಿಂದ ಏನು ಬಂತು? ಒಂದೇ ಕಡೆಯ ಮಾತು ಕೇಳಿಸುತ್ತಿದ್ದರೂ ಮೊದಲು ಇದನ್ನೇ ನೋಡಿ.

ಧ್ವನಿಯ ಬಗ್ಗೆ. "ಇದಕ್ಕೆ ಎಷ್ಟು ಸ್ಪೀಡ್ ಬೇಕು?" ಅನ್ನುವುದೇ ತಪ್ಪು ಪ್ರಶ್ನೆ. ಲ್ಯಾಂಡ್‌ಲೈನಿನ ಗುಣಮಟ್ಟ ಕೊಡುವ ಜಿ.711 ಕೋಡೆಕ್, ಅಂದರೆ ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ವಿಧಾನ, ಸೆಕೆಂಡಿಗೆ 64 ಕಿಲೋಬಿಟ್ ತೆಗೆದುಕೊಳ್ಳುತ್ತದೆ. ಪೊಟ್ಟಣಗಳ ಮೇಲಿನ ವಿಳಾಸದ ಭಾರ ಸೇರಿ ಒಂದೊಂದು ದಿಕ್ಕಿಗೆ 90ರ ಒಳಗೇ ಮುಗಿಯುತ್ತದೆ. ಇವತ್ತಿನ ಯಾವ ಬ್ರಾಡ್‌ಬ್ಯಾಂಡಿಗೂ ಇದು ಲೆಕ್ಕಕ್ಕಿಲ್ಲ. ಆದರೆ ಮಾತು 20 ಮಿಲಿಸೆಕೆಂಡಿನ ತುಣುಕುಗಳಾಗಿ, ಸೆಕೆಂಡಿಗೆ 50ರಂತೆ, ಸರದಿ ತಪ್ಪದೆ ಹೋಗಬೇಕು. ಮಗ ಫೋಟೋಗಳನ್ನೆಲ್ಲ ಕ್ಲೌಡಿಗೆ ಏರಿಸಲು ಕೂತನೆಂದರೆ ಅಪ್‌ಲೋಡ್ ದಾರಿಯಲ್ಲಿ ಜಾತ್ರೆ. ಅಮ್ಮನ ಮಾತಿನ ತುಣುಕುಗಳು ಆ ಗುಂಪಿನ ಹಿಂದೆ ನಿಂತಿರುತ್ತವೆ. ನಮಗೆ ಎಲ್ಲ ಸ್ವಚ್ಛ, ಆ ಕಡೆಯವರಿಗೆ ಮಾತ್ರ ಅಮ್ಮನ ಮಾತು ಕಡಿ ಕಡಿ. ಹಾಗಾಗಿ ತೊಂದರೆ ಇರುವುದೇ ನನಗೆ ಬಹಳ ದಿನ ಗೊತ್ತಾಗಲಿಲ್ಲ.

ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತು ತಲುಪುವುದು 150 ಮಿಲಿಸೆಕೆಂಡ್ ಒಳಗಿದ್ದರೆ ಚೆನ್ನ ಅನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. ಅದು ದಾಟುತ್ತಾ ಹೋದರೆ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸಿ, ಮತ್ತೆ ಒಟ್ಟಿಗೆ "ಹೇಳು ಹೇಳು" ಅನ್ನುವ ಆಟ. ನಾನು ರೌಟರಿನಲ್ಲಿ ಪೊಟ್ಟಣಗಳ ಸರದಿ ನಿಭಾಯಿಸುವ ಎಸ್‌ಕ್ಯೂಎಂ ಅನ್ನುವ ಸೌಲಭ್ಯ ಹಚ್ಚಿ, ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗದ ನೂರಕ್ಕೆ 85ಕ್ಕೆ ಕಟ್ಟಿಹಾಕಿದೆ. ಮಗನ ಫೋಟೋ ಸ್ವಲ್ಪ ನಿಧಾನವಾಗಿ ಏರುತ್ತದೆ, ಅಜ್ಜಿಯ ಮಾತು ತಡೆಯಿಲ್ಲದೆ ಹೋಗುತ್ತದೆ. ಅಡಾಪ್ಟರನ್ನು ವೈಫೈಗೆ ಬಿಡದೆ ತಂತಿಯಲ್ಲೇ ಕಟ್ಟಿ. ಜಿ.722 ಅನ್ನುವ ಎಚ್‌ಡಿ ಧ್ವನಿಯ ಜಾಹೀರಾತಿಗೆ ಮರುಳಾಗಬೇಡಿ. ದಾರಿಯುದ್ದಕ್ಕೂ ಎಲ್ಲರೂ ಅದನ್ನು ಬಲ್ಲವರಾಗಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ನಡುವೆ ಹಳೇ ಜಾಲ ಸಿಕ್ಕಿದರೆ ಮತ್ತೆ ಅದೇ 300ರಿಂದ 3400 ಹರ್ಟ್ಸ್‌ನ ಸಣ್ಣ ಕಿಂಡಿ.

ಕರೆಂಟ್ ವಿಷಯದಲ್ಲಿ ಲ್ಯಾಂಡ್‌ಲೈನ್ ನೆನೆದು ಈಗಲೂ ನಿಟ್ಟುಸಿರು ಬಿಡುತ್ತೇನೆ. ಊರಿಗೆ ಊರೇ ಕತ್ತಲಾದರೂ ಎಕ್ಸ್‌ಚೇಂಜಿನ ಬ್ಯಾಟರಿ ನಮ್ಮ ಫೋನನ್ನು ಸಾಕುತ್ತಿತ್ತು. ಈಗ ಕರೆಂಟ್ ಹೋದರೆ ಫೋನೂ ಹೋಯಿತು. ಯುಪಿಎಸ್ ತಂದು ರೌಟರ್, ಅಡಾಪ್ಟರ್ ಎರಡನ್ನೂ ಅದಕ್ಕೆ ಸೇರಿಸಿ ಬೀಗಿದೆ. ಮುಂದಿನ ಸಲ ಕರೆಂಟ್ ಹೋದಾಗ ಎರಡರ ದೀಪವೂ ಉರಿಯುತ್ತಿತ್ತು, ಡಯಲ್ ಟೋನ್ ಇಲ್ಲ. ಗೋಡೆಯ ಮೂಲೆಯಲ್ಲಿದ್ದ ಫೈಬರಿನ ಬಿಳಿ ಡಬ್ಬಿಯನ್ನು, ಓಎನ್‌ಟಿಯನ್ನು, ಮರೆತಿದ್ದೆ. ಮೂರೂ ಸೇರಿ ಎಳೆಯುವುದು 20 ವ್ಯಾಟ್ ಆಸುಪಾಸು, ಚಿಕ್ಕ ಯುಪಿಎಸ್ ಸಾಕು. ಮನೆಗೆ ಬರುವ ಫೈಬರ್ ದಾರಿ ಸಾಮಾನ್ಯವಾಗಿ ನಡುವೆ ಕರೆಂಟ್ ಬೇಡದ ಪ್ಯಾಸಿವ್ ಜಾಲವಾಗಿರುವುದು ನಮ್ಮ ಅದೃಷ್ಟ. ಕೇಬಲ್ ಇಂಟರ್ನೆಟ್ ಆದರೆ ಬೀದಿಯ ಆಂಪ್ಲಿಫೈಯರಿಗೂ ಕರೆಂಟ್ ಬೇಕು, ಅದು ಆರಿದರೆ ಮನೆಯ ಯುಪಿಎಸ್ ಏನೂ ಮಾಡಲಾರದು.

ಎದೆನೋವಿನವರು, ಒಂಟಿ ಹಿರಿಯರು ಕೊರಳಿಗೆ ಹಾಕಿಕೊಳ್ಳುವ ಎಚ್ಚರಿಕೆ ಗುಂಡಿ ಇರುವ ಮನೆಯಾದರೆ, ಆ ಸಾಧನ ಇಂಟರ್ನೆಟ್ ಫೋನಿನ ಮೇಲೆ ನಡೆಯುತ್ತದೆಯೇ ಅಂತ ಪರೀಕ್ಷಿಸದೆ ಹಳೇ ಲೈನ್ ಬಿಡಬೇಡಿ. ಬ್ರಿಟನ್ ತನ್ನ ಹಳೇ ಫೋನ್ ಜಾಲ ಮುಚ್ಚುವ ಗಡುವನ್ನು 2025ರ ಡಿಸೆಂಬರಿನಿಂದ 2027ರ ಜನವರಿಗೆ ತಳ್ಳಿದ್ದರ ಹಿಂದೆ ಇಂಥವರ ಚಿಂತೆಯೂ ಇತ್ತು. ತುರ್ತು ನಂಬರಿನದೂ ಅದೇ ಕತೆ. ಲ್ಯಾಂಡ್‌ಲೈನ್ ಎಲ್ಲಿದೆ ಅಂತ ತಂತಿಯೇ ಹೇಳುತ್ತಿತ್ತು. ಇಲ್ಲಿ ನಾವು ಖಾತೆಯಲ್ಲಿ ಬರೆದ ವಿಳಾಸವೇ ಆಧಾರ, ಕೆಲವು ಸೇವೆಗಳಲ್ಲಿ ತುರ್ತು ಕರೆಯೇ ಇರುವುದಿಲ್ಲ. ಒಪ್ಪಂದದ ಸಣ್ಣಕ್ಷರಗಳಲ್ಲಿ ನಾನು ಪೂರ್ತಿ ಓದಿದ್ದು ಆ ಒಂದು ಪುಟವನ್ನು ಮಾತ್ರ.

ಎರಡನೇ ವರ್ಷ ದೆವ್ವದ ಕಾಟ. ರಾತ್ರಿ ಮೂರಕ್ಕೆ ರಿಂಗ್, ಎತ್ತಿದರೆ ನಿಶ್ಶಬ್ದ, ಪರದೆಯ ಮೇಲೆ "100" ಅನ್ನುವ ನಂಬರ್. ಮರುರಾತ್ರಿ "1001". ಕಂಪನಿಯ ದಾಖಲೆಯಲ್ಲಿ ಅಂಥ ಕಾಲೇ ಇಲ್ಲ. ಇರುವುದೂ ಇಲ್ಲ, ಏಕೆಂದರೆ ಅವು ಕಂಪನಿಯ ಮೂಲಕ ಬಂದವಲ್ಲ. ಸಿಪ್ ಬಳಸುವ 5060 ಅನ್ನುವ ಪೋರ್ಟನ್ನು ತಟ್ಟುತ್ತಾ ಇಂಟರ್ನೆಟ್ಟಿನಲ್ಲಿ ಅಲೆಯುವ ಕಳ್ಳ ತಂತ್ರಾಂಶಗಳು ನೇರ ನನ್ನ ಅಡಾಪ್ಟರಿನ ಬಾಗಿಲು ಬಡಿದಿದ್ದವು. ನೋಂದಾಯಿಸಿದ ಸರ್ವರಿನಿಂದ ಬಂದ ಕಾಲ್ ಮಾತ್ರ ಒಪ್ಪು ಅನ್ನುವ ಸೆಟ್ಟಿಂಗ್ ಹಾಕಿದ ರಾತ್ರಿಯಿಂದ ನೆಮ್ಮದಿಯ ನಿದ್ದೆ. ಜೊತೆಗೆ ಪಾಸ್‌ವರ್ಡ್ ಉದ್ದ ಮಾಡಿದೆ, ವಿದೇಶಿ ಕಾಲ್ ಪೂರ್ತಿ ಬಂದ್ ಮಾಡಿಸಿದೆ. ಖಾತೆ ಕದ್ದವರು ಮೊದಲು ಮಾಡುವ ಕೆಲಸ ದುಬಾರಿ ದೇಶಗಳಿಗೆ ಕಾಲ್ ಹಚ್ಚುವುದು.

ಸಣ್ಣಪುಟ್ಟವು. ಬ್ಯಾಂಕಿಗೆ ಫೋನ್ ಮಾಡಿ "ಒಂದನ್ನು ಒತ್ತಿ" ಅಂದಾಗ ಒತ್ತಿದ್ದು ಅವರಿಗೆ ತಿಳಿಯದಿದ್ದರೆ, ಅಡಾಪ್ಟರಿನ ಸೆಟ್ಟಿಂಗ್ಸ್‌ನಲ್ಲಿ ಒತ್ತಿದ ಗುಂಡಿಯ ಸಂಕೇತ ಕಳಿಸುವ ಡಿಟಿಎಂಎಫ್ ಅನ್ನುವಲ್ಲಿ ಆರ್‌ಎಫ್‌ಸಿ 2833 ಆರಿಸಿ. ಫ್ಯಾಕ್ಸ್ ಆಸೆ ಬಿಟ್ಟುಬಿಡಿ, ಇಂಟರ್ನೆಟ್ ಮೇಲೆ ಫ್ಯಾಕ್ಸ್ ಕಳಿಸಲು ಟಿ.38 ಅನ್ನುವ ಉಪಾಯ ಇದೆ, ನನ್ನ ಅನುಭವದಲ್ಲಿ ಮೂರರಲ್ಲಿ ಒಂದು ಪುಟ ಅರ್ಧಕ್ಕೇ ನಿಂತಿದೆ. ಬೆರಳಿಟ್ಟು ತಿರುಗಿಸುವ ಡಯಲಿನ ಫೋನ್ ಇದ್ದರೆ, ಅದರ ಟಕಟಕ ಎಲ್ಲ ಅಡಾಪ್ಟರಿಗೂ ಅರ್ಥವಾಗುವುದಿಲ್ಲ ಅನ್ನುವುದು ನೆನಪಿರಲಿ.

ಲಾಭವೂ ಇದೆ, ಇಲ್ಲದಿದ್ದರೆ ನಾಲ್ಕು ವರ್ಷ ಇಟ್ಟುಕೊಳ್ಳುತ್ತಿರಲಿಲ್ಲ. ಮನೆಯ ನಂಬರಿಗೆ ಬಂದ ಕಾಲ್ ನನ್ನ ಮೊಬೈಲಿನಲ್ಲೂ ಜೊತೆಗೇ ರಿಂಗ್ ಆಗುತ್ತದೆ. ಅಮ್ಮ ಸ್ನಾನಕ್ಕೆ ಹೋಗಿದ್ದರೆ ನಾನು ಎತ್ತುತ್ತೇನೆ. ಮಾರಾಟದವರ ಕಾಲ್‌ಗಳನ್ನು ಪಟ್ಟಿ ಮಾಡಿ ಹೊರಗಟ್ಟಿದ್ದೇನೆ. ಖರ್ಚು ಹಳೇ ಲೈನಿಗಿಂತ ಕಡಿಮೆ, ಆದರೆ ಸುಟ್ಟ ಅಡಾಪ್ಟರ್, ಯುಪಿಎಸ್ ಸೇರಿಸಿದರೆ ಮೊದಲ ವರ್ಷದ ಉಳಿತಾಯ ಸೊನ್ನೆ. ರೌಟರಿನ ಒಳಪುಟ ತೆರೆಯಲು ಹಿಂಜರಿಯುವವರು ಇಂಟರ್ನೆಟ್ ಕಂಪನಿಯದೇ ಫೋನ್ ತೆಗೆದುಕೊಳ್ಳಿ, ಕೆಟ್ಟರೆ ಬೈಯಲು ಒಬ್ಬರೇ ಸಿಗುತ್ತಾರೆ.

ಅಡಾಪ್ಟರಿನ ಬೆನ್ನಿಗೆ ಈಗ ಒಂದು ಚೀಟಿ ಅಂಟಿಸಿದ್ದೇನೆ. ಅದರಲ್ಲಿ ಯುಪಿಎಸ್ ಬ್ಯಾಟರಿ ಬದಲಿಸಬೇಕಾದ ತಿಂಗಳಿದೆ, ಕೆಳಗೆ ಅಮ್ಮನಿಗಾಗಿ ದಪ್ಪ ಅಕ್ಷರದಲ್ಲಿ ಮೂರು ಸಾಲು: ಟೋನ್ ಬರದಿದ್ದರೆ ಮೊದಲು ಬಿಳಿ ಡಬ್ಬಿ ಆರಿಸಿ ಹಚ್ಚು. ಎರಡು ನಿಮಿಷ ಕಾಯಿ. ಆಮೇಲೆ ಕಪ್ಪು ಡಬ್ಬಿ. ಹೋದ ತಿಂಗಳು ನಾನು ಊರಲ್ಲಿಲ್ಲದಾಗ ಅಮ್ಮ ಅದನ್ನು ಓದಿಕೊಂಡು ತಾವೇ ಸರಿ ಮಾಡಿ, ಅದೇ ಫೋನಿನಿಂದ ನನಗೆ ಕಾಲ್ ಮಾಡಿದರು.