ಬಿಸಿಯಾಗಿ ನಿಂತ ಕಾರಿಗೆ ಕಂಪ್ರೆಷನ್ ಗೇಜ್: ಬಳಸಿ ನೋಡಿ ಬರೆದ ರಿವ್ಯೂ

ಕಾರು ಬಿಸಿಯಾಗಿ ನಿಂತಿದೆ, ತಣ್ಣಗಾದ ಮೇಲೂ ಸ್ಟಾರ್ಟ್ ಆಗುತ್ತಿಲ್ಲ ಅಂದರೆ ಜಾಸ್ತಿ ಜನ ಮೊದಲು ಕೈ ಹಾಕುವುದು ಕಾರಿನ ಕಂಪ್ಯೂಟರ್‌ನಿಂದ ದೋಷದ ಕೋಡ್ ಓದುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್‌ಗೆ. ನನ್ನನ್ನು ಕೇಳಿದರೆ ಮೊದಲು ಕಂಪ್ರೆಷನ್ ಗೇಜ್ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಸಿಲಿಂಡರ್ ಒಳಗೆ ಪಿಸ್ಟನ್ ಎಷ್ಟು ಒತ್ತಡ ಹುಟ್ಟಿಸುತ್ತಿದೆ ಅಂತ ಅಳೆಯುವ ಗೇಜ್ ಇದು, ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿಗೆ ತಿರುಗಿಸಿ ಹಾಕುವ ಬಗೆಯದು. ಪೆಟ್ಟಿಗೆಯಲ್ಲಿ ಬರುವುದು ಇಷ್ಟೇ: ಮುಳ್ಳಿನ ಗೇಜ್, ರಬ್ಬರ್ ಹೋಸ್, 10, 12, 14, 18 ಎಂಎಂ ಅಡಾಪ್ಟರ್‌ಗಳು. ಆ್ಯಪ್ ಬೇಡ, ಚಾರ್ಜ್ ಮಾಡುವುದು ಬೇಡ. ಸ್ನೇಹಿತನ ಪೆಟ್ರೋಲ್ ಕಾರು ಹೀಗೆ ಕೈಕೊಟ್ಟಾಗ ಸರಿಯಾದ ಉತ್ತರ ಸಿಕ್ಕಿದ್ದು ಇದರಿಂದಲೇ.

ಸ್ಕ್ಯಾನರ್ ದಂಡ ಅಂತ ಹೇಳುತ್ತಿಲ್ಲ. ಆದರೆ ಅದು ತೋರಿಸುವ ಪಿ0217 ಕೋಡ್‌ನ ಅರ್ಥ ಇಂಜಿನ್ ಮಿತಿಮೀರಿ ಬಿಸಿಯಾಯಿತು ಅಂತ, ಅದು ನಮಗೆ ಮೊದಲೇ ಗೊತ್ತಿರುತ್ತದೆ ಅಲ್ವಾ? ಅದರ ನಿಜವಾದ ಉಪಯೋಗ ಇನ್ನೊಂದಿದೆ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ನೋಡಿ. ಇಂಜಿನ್ ತಿರುಗುತ್ತಿದ್ದರೂ ಸೊನ್ನೆಯಲ್ಲೇ ನಿಂತಿದ್ದರೆ ಇಂಜಿನ್ ತಿರುಗುವುದನ್ನು ಕಂಪ್ಯೂಟರ್‌ಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಬೇಕು, ಬಿಸಿಗೆ ಅದು ಕೆಡುವುದುಂಟು, ತಣ್ಣಗಾದ ಮೇಲೆ ಮತ್ತೆ ಕೆಲಸ ಮಾಡುವುದೂ ಉಂಟು. ಸಿಲಿಂಡರ್ ಒಳಗೆ ಒತ್ತಡ ಹಿಡಿಯುತ್ತಿದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ಸಾಮಾನ್ಯ ಸ್ಕ್ಯಾನರ್ ಹೇಳುವುದಿಲ್ಲ.

ನೀಲಿ ದ್ರವದ ಬ್ಲಾಕ್ ಟೆಸ್ಟರ್ ಅಂತ ಇನ್ನೊಂದು ಸಿಗುತ್ತದೆ. ರೇಡಿಯೇಟರ್ ಬಾಯಿಗೆ ಇಟ್ಟು ಅಲ್ಲಿನ ಗಾಳಿ ಎಳೆದರೆ, ಅದರಲ್ಲಿ ಸುಟ್ಟ ಹೊಗೆಯ ಕಾರ್ಬನ್ ಡೈಆಕ್ಸೈಡ್ ಇದ್ದರೆ ನೀಲಿ ಹಳದಿಯಾಗುತ್ತದೆ. ಓಡುವ ಇಂಜಿನ್‌ಗೆ ಒಳ್ಳೆಯ ಪರೀಕ್ಷೆ. ಸ್ಟಾರ್ಟೇ ಆಗದ ಕಾರಿನಲ್ಲಿ ಹೊಗೆ ಎಲ್ಲಿಂದ ಬರಬೇಕು? ಅದೂ ಅಲ್ಲದೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಎರಡು ಸಿಲಿಂಡರ್‌ಗಳ ನಡುವೆ ಮಾತ್ರ ಸುಟ್ಟಿದ್ದರೆ ಹೊಗೆ ಕೂಲಂಟ್‌ಗೆ ಸೇರುವುದೇ ಇಲ್ಲ, ದ್ರವ ನೀಲಿಯಾಗಿಯೇ ಉಳಿಯುತ್ತದೆ.

ಗೇಜ್ ಹಾಕುವ ಮೊದಲು ಸೆಲ್ಫ್ ಸದ್ದನ್ನು ಕಿವಿಗೊಟ್ಟು ಕೇಳಿ. ಸರಿಯಿರುವ ಇಂಜಿನ್ ಒಂದೇ ಸಮನಾದ ಲಯದಲ್ಲಿ ಏರಿಳಿಯುತ್ತಾ ತಿರುಗುತ್ತದೆ. ಆ ಏರಿಳಿತವೇ ಇಲ್ಲದೆ ಭಾರವಿಲ್ಲದಂತೆ ಜೋರಾಗಿ ತಿರುಗಿದರೆ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ಹೊಂದಿಸಿ ನಡೆಸುವ ಟೈಮಿಂಗ್ ಬೆಲ್ಟ್ ನೋಡಿ. ಎಷ್ಟೋ ಇಂಜಿನ್‌ಗಳಲ್ಲಿ ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟ್‌ನಿಂದ, ಹಾಗಾಗಿ ಪಂಪ್ ಬಿಗಿದುಕೊಂಡರೆ ಬೆಲ್ಟ್‌ನ ಹಲ್ಲು ಹಾರುತ್ತದೆ ಅಥವಾ ಬೆಲ್ಟೇ ತುಂಡಾಗುತ್ತದೆ, ಬಿಸಿಯಾಗುವುದಕ್ಕೂ ಸ್ಟಾರ್ಟ್ ಆಗದಿರುವುದಕ್ಕೂ ಅದೊಂದೇ ಕಾರಣ ಆಗಿಬಿಡುತ್ತದೆ. ಹಾಗಿದ್ದಾಗ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ವಾಲ್ವ್‌ಗೆ ಪಿಸ್ಟನ್ ತಗಲಬಹುದು. ಇಂಜಿನ್ ಒಂದು ಪೆಟ್ಟಿಗೆ ಟಕ್ ಅಂತ ನಿಂತುಬಿಟ್ಟರೂ ಅಲ್ಲಿಗೇ ನಿಲ್ಲಿಸಿ. ಸಿಲಿಂಡರ್‌ಗೆ ಕೂಲಂಟ್ ತುಂಬಿರಬಹುದು ಅಥವಾ ಇಂಜಿನ್ ಸೀಜ್ ಆಗಿರಬಹುದು. ಪ್ಲಗ್ ಎಲ್ಲಾ ಬಿಚ್ಚಿ ತಿರುಗಿಸಿದಾಗ ನೀರು ಚಿಮ್ಮಿದರೆ ಮೊದಲನೆಯದು. ಆ ಹೊತ್ತಿನಲ್ಲಿ ಪ್ಲಗ್ ತೂತಿನ ಮೇಲೆ ಮುಖ ಬಗ್ಗಿಸಬೇಡಿ.

ಈ ಕೆಲಸ ಎಲ್ಲಾ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ. ಅರ್ಧ ನೀರು ಅರ್ಧ ಕೂಲಂಟ್ ಇರುವ ಮಿಶ್ರಣ ರೇಡಿಯೇಟರ್ ಕ್ಯಾಪ್‌ನ ಒತ್ತಡದಲ್ಲಿ ಸುಮಾರು 130 ಡಿಗ್ರಿವರೆಗೂ ಕುದಿಯದೆ ಇರುತ್ತದೆ, ಬಿಸಿ ಇರುವಾಗ ಕ್ಯಾಪ್ ತೆರೆದರೆ ಆ ಕ್ಷಣವೇ ಕುದಿದು ಆವಿಯ ಜೊತೆ ಮೇಲೆ ಎಗರುತ್ತದೆ.

ಅಳೆಯುವುದು ಕಷ್ಟವಲ್ಲ. ಇಂಜೆಕ್ಟರ್‌ಗಳ ಫ್ಯೂಸ್ ತೆಗೆಯಿರಿ, ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ಬಿಚ್ಚಿ, ಎಲ್ಲಾ ಪ್ಲಗ್ ಹೊರಗಿಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಮುಳ್ಳು ಏರುವುದು ನಿಲ್ಲುವವರೆಗೆ ಸೆಲ್ಫ್ ಹೊಡೆಯಿರಿ. ಬ್ಯಾಟರಿ ಫುಲ್ ಚಾರ್ಜ್ ಇರಲೇಬೇಕು, ಇಲ್ಲದಿದ್ದರೆ ಎಲ್ಲಾ ಅಂಕಿಯೂ ಸುಮ್ನೆ ಕಡಿಮೆ ಬರುತ್ತದೆ. ಸ್ನೇಹಿತನ ಕಾರಿನಲ್ಲಿ ಒಂದನೇ ಮತ್ತು ನಾಲ್ಕನೇ ಸಿಲಿಂಡರ್‌ನಲ್ಲಿ ಒತ್ತಡ 12 ಬಾರ್ ಹತ್ತಿರ ಬಂತು, ಪಕ್ಕಪಕ್ಕದ ಎರಡು ಮತ್ತು ಮೂರರಲ್ಲಿ ಮುಳ್ಳು 3 ದಾಟಲೇ ಇಲ್ಲ. ಅಕ್ಕಪಕ್ಕದ ಎರಡು ಒಟ್ಟಿಗೆ ಹೀಗೆ ಬಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಹೆಚ್ಚುಕಡಿಮೆ ಖಚಿತ. ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದರೂ ಅಂಕಿ ಏರಲಿಲ್ಲ. ಏರಿದ್ದರೆ ದೋಷ ಪಿಸ್ಟನ್ ಸುತ್ತಲಿನ ರಿಂಗ್‌ನದ್ದು ಅಂತ ಹೇಳಬಹುದಿತ್ತು. ಹೆಡ್ ಇಳಿಸಿದಾಗ ಗ್ಯಾಸ್ಕೆಟ್ ಸುಟ್ಟಿದ್ದು ಸರಿಯಾಗಿ ಅದೇ ಜಾಗದಲ್ಲಿ. ಅಷ್ಟರೊಳಗೆ ಒಬ್ಬ ಮೆಕ್ಯಾನಿಕ್ ಏನೂ ಅಳೆಯದೆ ಫ್ಯುಯಲ್ ಪಂಪ್ ಬದಲಾಯಿಸೋಣ ಅಂದಿದ್ದರು, ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. ಅಳತೆ ಇಲ್ಲದೆ ಯಾರ ದುಡ್ಡನ್ನೂ ಖರ್ಚು ಮಾಡಿಸಬಾರದು.

ಇನ್ನು ಇದರ ಕುಂದುಗಳು. ದೊಡ್ಡದು ಅಂದರೆ ಅಡಾಪ್ಟರ್. ಆಳವಾದ ಪ್ಲಗ್ ಗುಂಡಿಯಲ್ಲಿ ಹೋಸ್ ತಿರುಗಿಸಿ ಬಿಚ್ಚುವಾಗ ಅಡಾಪ್ಟರ್ ಹೋಸ್‌ನಿಂದ ಕಳಚಿಕೊಂಡು ಒಳಗೇ ಉಳಿಯಬಹುದು, ತೆಗೆಯುವುದು ದೊಡ್ಡ ತಲೆನೋವು. ಅದನ್ನು ಹೋಸ್‌ಗೆ ಸ್ಪ್ಯಾನರ್‌ನಲ್ಲಿ ಬಿಗಿ ಮಾಡಿ, ಪ್ಲಗ್ ತೂತಿಗೆ ಮಾತ್ರ ಕೈಯಲ್ಲೇ ಬಿಗಿ ಮಾಡಿ. ಹೋಸ್ ತುದಿಯ ಪುಟ್ಟ ವಾಲ್ವ್ ಕೆಟ್ಟರೆ ಟಯರ್ ವಾಲ್ವ್ ಹಾಕಬೇಡಿ, ನೋಡಲು ಒಂದೇ ಥರ ಇದ್ದರೂ ಅದರ ಸ್ಪ್ರಿಂಗ್ ಗಟ್ಟಿ, ಅಂಕಿ ಕಡಿಮೆ ತೋರಿಸುತ್ತದೆ. ಕಿಟ್ ಜೊತೆ ಬಂದ ಓ-ರಿಂಗ್ ಕೂಡ ಅಷ್ಟಕ್ಕಷ್ಟೇ, ಬೇರೆ ಒಳ್ಳೆಯದು ತಂದಿಟ್ಟುಕೊಳ್ಳಿ. ಕೈಯಲ್ಲಿ ಒತ್ತಿ ಹಿಡಿಯುವ ರಬ್ಬರ್ ತುದಿಯ ಗೇಜ್ ನೋಡಿದರೆ ಆಸೆಪಡಬೇಡಿ, ಸೆಲ್ಫ್ ಹೊಡೆಯಲು ಇನ್ನೊಬ್ಬರು ಬೇಕೇ ಬೇಕು, ಕೈ ಸ್ವಲ್ಪ ಸಡಿಲವಾದರೂ ಅಳತೆ ತಪ್ಪುತ್ತದೆ.

ಡೀಸೆಲ್ ಕಾರಿದ್ದವರು ಈ ಕಿಟ್ ಕೊಳ್ಳಬೇಡಿ. ಇದರ ಗೇಜ್ 20 ಬಾರ್‌ಗೆ ಮುಗಿಯುತ್ತದೆ, ಡೀಸೆಲ್ ಇಂಜಿನ್‌ನ ಕಂಪ್ರೆಷನ್ ಸಾಮಾನ್ಯವಾಗಿ ಅದನ್ನು ದಾಟಿರುತ್ತದೆ. ಅದಕ್ಕೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ತೂತಿಗೆ ಕೂರುವ ಅಡಾಪ್ಟರ್ ಇರುವ ಬೇರೆ ಕಿಟ್ಟೇ ಬರುತ್ತದೆ.