ಚಿಮಿಣಿ ಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬೇಡಿ

ಮುಳ್ಳೇರಿಯದ ಹತ್ತಿರ ನಮ್ಮ ತೋಟದ ಮನೆಯಲ್ಲಿ ಸ್ನಾನದ ನೀರಿಗೆ ಈಗಲೂ ಬಚ್ಚಲೊಲೆಯೇ. ಆಟಿಯ ಮಳೆಗೆ ಕಟ್ಟಿಗೆ ಹೊತ್ತುವುದಿಲ್ಲವೆಂದು ಗೆರಟೆಯ ಮೇಲೆ ನಾಲ್ಕು ಹನಿ ಚಿಮಿಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಸುರಿಯುವುದು ರೂಢಿ. ಪ್ರತಿ ಸಲ ಕ್ಯಾನ್ ಎತ್ತುವುದು ಯಾರು ಎಂದು ಜ್ಯೂಸ್ ಬಾಟಲಿಗೆ ತುಂಬಿಸಿ ಒಲೆಯ ಪಕ್ಕ ಇಟ್ಟವಳು ನಾನೇ. ರೇಷನ್ನಿನ ಎಣ್ಣೆ, ನೀಲಿ ಬಣ್ಣ. ಒಂದು ವರ್ಷ ಹತ್ತು ತಿಂಗಳ ಮಗನಿಗೆ ಅದು ಶರಬತ್ತಲ್ಲದೆ ಇನ್ನೇನು?

ಕೆಮ್ಮು ಕೇಳಿ ಓಡಿದೆ. ಅಂಗಿಯೆಲ್ಲ ವಾಸನೆ. ಕುಡಿದದ್ದು ಒಂದು ಗುಟುಕೋ ಎರಡೋ. "ಆಸ್ಪತ್ರೆಗೆ ಹೋಗುವ, ಮಗುವಿನ ಗಂಟಲಿಗೆ ಕೈ ಹಾಕಬೇಡ ಮಾರಾಯ್ತಿ" ಎಂದರು ಅತ್ತೆ. ನಾನು ಬಿಎಸ್ಸಿ ಓದಿದವಳು, ಕೇಳಲಿಲ್ಲ. ಉಪ್ಪುನೀರು ಕುಡಿಸಿ ಬೆರಳು ಹಾಕಿದೆ. ವಾಂತಿಯಾಯಿತು. ಸದ್ಯ, ಎಲ್ಲ ಹೊರಬಂತು ಅಂದುಕೊಂಡೆ.

ಕಾಸರಗೋಡು ಮುಟ್ಟುವಾಗ ಮಗು ಏದುಸಿರು ಬಿಡುತ್ತಿತ್ತು. ಮೂಗಿನ ಹೊಳ್ಳೆ ಅರಳುತ್ತಿತ್ತು, ಪಕ್ಕೆಲುಬಿನ ನಡುವಿನ ಚರ್ಮ ಪ್ರತಿ ಉಸಿರಿಗೂ ಒಳಸೇರುತ್ತಿತ್ತು. ಡಾಕ್ಟರರ ಮೊದಲ ಪ್ರಶ್ನೆ "ಛರ್ದಿಚ್ಚೋ?" ವಾಂತಿ ಮಾಡಿತಾ ಎಂದು. "ನಾವೇ ಮಾಡಿಸಿದೆವು" ಎಂದೆ, ಒಳ್ಳೆಯ ಕೆಲಸ ಮಾಡಿದವಳ ಹಾಗೆ. ಅವರು ತಲೆಯೆತ್ತಿ ನೋಡಿದ ನೋಟ ಇನ್ನೂ ಮರೆತಿಲ್ಲ.

ಚಿಮಿಣಿ ಎಣ್ಣೆಯ ಅಪಾಯ ಹೊಟ್ಟೆಗಿಂತ ಶ್ವಾಸಕೋಶಕ್ಕೆ. ನೀರಿಗಿಂತಲೂ ಸಲೀಸಾಗಿ ಹರಡುವ ಎಣ್ಣೆ ಅದು. ಸ್ವಲ್ಪ ಶ್ವಾಸನಾಳಕ್ಕೆ ಇಳಿದರೂ ಒಳಗೆಲ್ಲ ಹಬ್ಬಿ ನ್ಯುಮೋನಿಯಾ ತರಿಸುತ್ತದೆ. ಹೊಟ್ಟೆಯಲ್ಲಿ ತೆಪ್ಪಗೆ ಬಿದ್ದಿದ್ದನ್ನು ನಾನು ಮತ್ತೆ ಗಂಟಲಿಗೆ ತಂದು ಇನ್ನೊಮ್ಮೆ ಒಳಗೆ ಎಳೆದುಕೊಳ್ಳುವ ಹಾಗೆ ಮಾಡಿದ್ದೆ. ಕುಡಿಯುವಾಗಲೇ ಕೆಮ್ಮಿದ್ದನಲ್ಲ, ಆಗಲೂ ಸ್ವಲ್ಪ ಹೋಗಿರಬಹುದು ಎಂದರು ಡಾಕ್ಟರು, ಬಹುಶಃ ನನ್ನ ಸಮಾಧಾನಕ್ಕೆ. ಉಪ್ಪುನೀರಿನದ್ದು ಬೇರೆಯೇ ಅಪಾಯ: ಪುಟ್ಟ ಮಕ್ಕಳ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದಂತೆ. ವಾಂತಿ ಬರಿಸುವ ಇಪೆಕಾಕ್ ಸಿರಪ್ಪನ್ನೂ ಮನೆಯಲ್ಲಿ ಬಳಸಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2003ರಲ್ಲೇ ಹೇಳಿತ್ತೆಂದು ಆಮೇಲೆ ಓದಿದೆ.

ಹೊಟ್ಟೆ ತೊಳೆಯಿರಿ ಎಂದು ನಾನು ಗೋಗರೆದರೂ ಅವರು ತೊಳೆಯಲಿಲ್ಲ. ಅದಕ್ಕೂ ಇದೇ ಕಾರಣ. ಬಟ್ಟೆ ಬಿಚ್ಚಿ ಮೈಯನ್ನು ಸೋಪಿನಲ್ಲಿ ತೊಳೆದರು, ಆಕ್ಸಿಜನ್ ಹಾಕಿದರು, ಎದೆಯ ಎಕ್ಸ್‌ರೇ ತೆಗೆದರು. ಜ್ವರ ಎರಡು ದಿನ ಇತ್ತು, ಐದನೆಯ ದಿನ ಮನೆಗೆ ಬಂದೆವು. ಪಕ್ಕದ ಬೆಡ್ಡಿನ ಹುಡುಗಿಯೂ ಅದನ್ನೇ ಕುಡಿದದ್ದು, ಆಟವಾಡುತ್ತಲೇ ಇದ್ದಳು. ಅವಳನ್ನೂ ಆರು ಗಂಟೆ ಬಿಡಲಿಲ್ಲ. ಲಕ್ಷಣ ತಡವಾಗಿ ಕಾಣುವುದುಂಟಂತೆ.

ಪೆಟ್ರೋಲ್, ಟರ್ಪೆಂಟೈನ್ ಕುಡಿದರೂ ಇದೇ ಮಾತು. ಕಕ್ಕಸು ತೊಳೆಯುವ ಆಸಿಡ್, ರಬ್ಬರ್ ಶೀಟಿಗೆ ಹಾಕುವ ಆಸಿಡ್ ಆದರಂತೂ ಇಳಿಯುವಾಗ ಸುಟ್ಟದ್ದು ಹತ್ತುವಾಗ ಇನ್ನೊಮ್ಮೆ ಸುಡುತ್ತದೆ. ಬಾಯಿ ಒರೆಸಿ, ಒದ್ದೆ ಬಟ್ಟೆ ತೆಗೆದು, ಆ ಬಾಟಲಿಯನ್ನೂ ಹಿಡಿದುಕೊಂಡು ಹೊರಡಿ. ಉಸಿರಾಟಕ್ಕೆ ತೊಂದರೆ ಕಂಡರೆ 108ಕ್ಕೆ ಫೋನ್ ಮಾಡಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ 1800 116 117 ಹಗಲೂ ರಾತ್ರಿಯೂ ಸಿಗುವ ಉಚಿತ ನಂಬರು. ನಾನು ಈಗ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ.

ಇಷ್ಟು ದಿನ ನಾಚಿಕೆಯಿಂದ ಬರೆದಿರಲಿಲ್ಲ. ಮೊನ್ನೆ ಒಂದು ಮನೆಯ ಪೂಜೆಗೆ ಹೋಗಿದ್ದೆ. ಜಗಲಿಯ ಮೂಲೆಯಲ್ಲಿ, ಮಕ್ಕಳ ಚಪ್ಪಲಿಗಳ ಪಕ್ಕದಲ್ಲೇ, ನೀರಿನ ಬಾಟಲಿಯಲ್ಲಿ ರಬ್ಬರ್ ಆಸಿಡ್ ಇತ್ತು.